ಸೆಕೆಂಡ್ ಹ್ಯಾಂಡ್ ಲೆಕ್ಸಸ್ ಇಎಸ್ 300ಎಚ್: ಅಡ್ವಾನ್ಸ್ ಕೊಡುವ ಮುಂಚೆ ನೋಡಬೇಕಾದ್ದು

ಐದಾರು ವರ್ಷ ಓಡಿದ ಲೆಕ್ಸಸ್ ಇಎಸ್ 300ಎಚ್ ಒಂದನ್ನು ನೋಡಿಟ್ಟಿದ್ದೇನೆ ಅಂತ ಹೇಳಿ ನೋಡಿ. ನೆಂಟರು, ಆಫೀಸಿನವರು, ಬೀದಿ ಕೊನೆಯ ಗ್ಯಾರೇಜಿನವರು, ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: "ಬ್ಯಾಟರಿ ಹೋದ್ರೆ ಏನ್ ಮಾಡ್ತೀರಿ?" ಪೆಟ್ರೋಲ್ ಎಂಜಿನ್ ಜೊತೆಗೆ ದೊಡ್ಡ ಬ್ಯಾಟರಿ, ಕರೆಂಟಿನ ಮೋಟಾರು ಎರಡೂ ಇರುವ ಹೈಬ್ರಿಡ್ ಗಾಡಿ ಇದು, ಹಾಗಾಗಿ ಕೇಳಬೇಕಾದ ಪ್ರಶ್ನೆಯೇ. ಆದರೆ ಈ ಗಾಡಿಯಲ್ಲಿ ಬ್ಯಾಟರಿಗಿಂತ ಮೊದಲು ಕೇಳಬೇಕಾದ ಪ್ರಶ್ನೆಗಳು ಎರಡಿವೆ. ಇದು ಎಂದಾದರೂ ನೀರಿನಲ್ಲಿ ನಿಂತಿತ್ತೇ? ಇದರ ಸರ್ವೀಸ್ ಎಲ್ಲೆಲ್ಲಿ ಆಗಿದೆ ಎಂಬುದಕ್ಕೆ ಕಾಗದ ಇದೆಯೇ? ಇವೆರಡಕ್ಕೂ ಸರಿಯಾದ ಉತ್ತರ ಸಿಕ್ಕರೆ ಬ್ಯಾಟರಿಯ ಭಯ ಮುಕ್ಕಾಲು ಪಾಲು ಕಳೆದ ಹಾಗೆ. ಸಿಗದಿದ್ದರೆ, ಬ್ಯಾಟರಿ ಎಷ್ಟೇ ಚೆನ್ನಾಗಿದ್ದರೂ ಆ ಗಾಡಿ ಬೇಡ.

ಹಾಗಾಗಿ ನೋಡುವ ಕ್ರಮವನ್ನೂ ಅದೇ ಲೆಕ್ಕದಲ್ಲಿ ಹೇಳುತ್ತೇನೆ.

ಮೊದಲು: ಯಾವ ಗಾಡಿ ಅಂತ ತೀರ್ಮಾನಿಸಿ

ಲೆಕ್ಸಸ್ ಅಂದರೆ ಟೊಯೋಟಾದ ಐಷಾರಾಮಿ ಬ್ರ್ಯಾಂಡು. 1989ರಲ್ಲಿ ಅದು ಅಮೆರಿಕದಲ್ಲಿ ಶುರುವಾದಾಗ ಇದ್ದದ್ದು ಎರಡೇ ಮಾಡೆಲ್: ದೊಡ್ಡದು ಎಲ್‌ಎಸ್ 400, ಅದರ ಕೆಳಗೆ ಇಎಸ್ 250. ಆ ಇಎಸ್ ಅಂದಿನ ಟೊಯೋಟಾ ಕ್ಯಾಮ್ರಿಯ ಮೇಲೆ ಕಟ್ಟಿದ ಕಾರು. ಆ ನೆಂಟಸ್ತಿಕೆ ಈಗಲೂ ಹಾಗೇ ಉಳಿದಿದೆ. ನಮ್ಮಲ್ಲಿ ಸೆಕೆಂಡ್ ಹ್ಯಾಂಡ್ ಸಿಗುವ ಏಳನೇ ತಲೆಮಾರಿನ ಇಎಸ್ 300ಎಚ್ ಮತ್ತು 2019ರಲ್ಲಿ ಬಂದ ಕ್ಯಾಮ್ರಿ ಹೈಬ್ರಿಡ್, ಎರಡಕ್ಕೂ ಜಿಎ-ಕೆ ಪ್ಲಾಟ್‌ಫಾರ್ಮೇ ಬುನಾದಿ. ಎರಡರಲ್ಲೂ 2.5 ಲೀಟರಿನ ನಾಲ್ಕು ಸಿಲಿಂಡರ್ ಪೆಟ್ರೋಲ್ ಎಂಜಿನ್, ಜೊತೆಗೆ ಮೋಟಾರು, ಎರಡೂ ಸೇರಿ 218 ಪಿಎಸ್ ಶಕ್ತಿ.

ಹೀಗಿರುವಾಗ ಲೆಕ್ಸಸ್‌ಗೆ ಹೆಚ್ಚು ಹಣ ಯಾಕೆ ಕೊಡಬೇಕು? ಒಳಗಿನ ನಿಶ್ಶಬ್ದಕ್ಕೆ, ಸೀಟಿಗೆ, ಹಿಂದೆ ಕೂರುವವರ ಕಾಲಿಗೆ ಸಿಗುವ ಜಾಗಕ್ಕೆ. 2,870 ಮಿಲಿಮೀಟರ್ ವೀಲ್‌ಬೇಸ್ (ಮುಂದಿನ, ಹಿಂದಿನ ಚಕ್ರಗಳ ನಡುವಿನ ದೂರ) ಇದೆ. ವಯಸ್ಸಾದ ತಂದೆ ತಾಯಿಯನ್ನು ಹಿಂದೆ ಕೂರಿಸಿಕೊಂಡು ಬೆಂಗಳೂರಿನಿಂದ ಶಿವಮೊಗ್ಗಕ್ಕೆ ಹೋಗುವವರಿಗೆ ಇದರ ಬೆಲೆ ಗೊತ್ತಾಗುತ್ತದೆ. ನೀವೇ ಓಡಿಸುವುದು, ಹಿಂದಿನ ಸೀಟು ಹೆಚ್ಚಾಗಿ ಖಾಲಿ ಎಂದಾದರೆ ಕ್ಯಾಮ್ರಿಯೇ ಜಾಣತನದ ಆಯ್ಕೆ ಎಂಬುದು ನನ್ನ ಖಚಿತ ಅಭಿಪ್ರಾಯ. ಮುಂದೆ ಹೇಳುವ ತಪಾಸಣೆಯೆಲ್ಲ ಹೆಚ್ಚೂಕಡಿಮೆ ಆ ಕಾರಿಗೂ ಹೊಂದುತ್ತದೆ.

ಇಎಸ್‌ನಲ್ಲೇ ವರ್ಷ ನೋಡಿ ಆರಿಸಿ. 2018ರ ಜುಲೈನಲ್ಲಿ ಈ ಮಾಡೆಲ್ ಇಲ್ಲಿಗೆ ಬಂದಾಗ ಪೂರ್ತಿ ಆಮದು ಗಾಡಿ, ಎಕ್ಸ್ ಶೋರೂಂ ಬೆಲೆ 59.13 ಲಕ್ಷ. 2020ರ ಜನವರಿಯಿಂದ ನಮ್ಮ ಬಿಡದಿಯ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆಯಲ್ಲೇ ಜೋಡಣೆ ಶುರುವಾಯಿತು, ಆರಂಭದ ಬೆಲೆ 51.90 ಲಕ್ಷಕ್ಕೆ ಇಳಿಯಿತು. ಆದ್ದರಿಂದ "ಸಾರ್, ಇದು ಇಂಪೋರ್ಟೆಡ್, ಆಗಲೇ ಅಷ್ಟು ದುಡ್ಡು ಕೊಟ್ಟಿದ್ದು" ಎಂಬ ಮಾತಿಗೆ ಜಾಸ್ತಿ ಬೆಲೆ ಕೊಡಬೇಡಿ. 2021ರ ಅಕ್ಟೋಬರಿನಲ್ಲಿ ಫೇಸ್‌ಲಿಫ್ಟ್, ಅಂದರೆ ಅದೇ ಮಾಡೆಲ್‌ಗೆ ಸಣ್ಣಪುಟ್ಟ ಬದಲಾವಣೆ ಆಯಿತು. ಅದರಲ್ಲಿ ಸ್ಕ್ರೀನು ಮುಟ್ಟಿದರೆ ಕೆಲಸ ಮಾಡುತ್ತದೆ. ಅದಕ್ಕಿಂತ ಹಿಂದಿನ ಗಾಡಿಗಳಲ್ಲಿ ಗೇರ್ ಪಕ್ಕದ ಟಚ್‌ಪ್ಯಾಡಿನಲ್ಲೇ ಬೆರಳಾಡಿಸಬೇಕು. ಓಡಿಸುತ್ತಾ ಅದನ್ನು ಬಳಸುವುದು ಕಿರಿಕಿರಿಯ ಕೆಲಸ. ಕೊಳ್ಳುವ ಮೊದಲು ಹತ್ತು ನಿಮಿಷ ಅದರಲ್ಲಿ ಹಾಡು ಹಾಕಿ, ಫೋನ್ ಸೇರಿಸಿ ನೋಡಿ. ಬಜೆಟ್ ಕೂಡಿದರೆ ಫೇಸ್‌ಲಿಫ್ಟೇ ತೆಗೆದುಕೊಳ್ಳಿ.

ಇನ್ನೊಂದು ಮಾತು. ಲೆಕ್ಸಸ್ ಸರ್ವೀಸ್ ಸೆಂಟರ್ ಎಲ್ಲ ಊರಲ್ಲೂ ಇಲ್ಲ. ಬೆಂಗಳೂರಿನವರಿಗೆ ಚಿಂತೆಯಿಲ್ಲ. ಹುಬ್ಬಳ್ಳಿ, ಕಲಬುರಗಿ, ದಾವಣಗೆರೆ ಕಡೆಯವರು ಹತ್ತಿರದ ಟೊಯೋಟಾ ಸರ್ವೀಸಿನವರನ್ನು ಮೊದಲೇ ಕೇಳಿ: ಈ ಗಾಡಿಯನ್ನು ಮುಟ್ಟುತ್ತೀರಾ, ಯಾವ ಕೆಲಸ ಮಾಡುತ್ತೀರಿ, ಯಾವುದಕ್ಕೆ ಬೆಂಗಳೂರಿಗೆ ಕಳಿಸುತ್ತೀರಿ? ಇದಕ್ಕೆ ಸಮಾಧಾನದ ಉತ್ತರ ಸಿಗದಿದ್ದರೆ ಕ್ಯಾಮ್ರಿ ಕಡೆ ತಿರುಗಿ.

ಆಮೇಲೆ ಕಾಗದ ಪತ್ರ

ಗಾಡಿ ನೋಡಲು ಹೋಗುವ ಮುಂಚೆಯೇ ಆರ್‌ಸಿಯ ಫೋಟೋ ತರಿಸಿಕೊಳ್ಳಿ. ಎಂಪರಿವಾಹನ್ ಆ್ಯಪಿನಲ್ಲಿ ನಂಬರ್ ಹಾಕಿ ಎಷ್ಟನೇ ಓನರ್, ಇನ್ಶೂರೆನ್ಸ್ ಯಾವಾಗ ಮುಗಿಯುತ್ತದೆ, ಸಾಲ ಬಾಕಿ ಇದೆಯೇ ನೋಡಿ. ಸಾಲ ತೀರಿದ್ದರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಉಳಿದಿದ್ದರೆ ಬ್ಯಾಂಕಿನ ಎನ್‌ಒಸಿ ಮತ್ತು ಸಾಲ ತೀರಿದೆ ಎಂದು ಹೇಳುವ ಫಾರಂ 35 ಬೇಕು. ಅದು ಕೈಗೆ ಬರುವ ತನಕ ಪೂರ್ತಿ ಹಣ ಕೊಡಬೇಡಿ.

ಸರ್ವೀಸ್ ದಾಖಲೆಯನ್ನು ಸಾಲು ಸಾಲಾಗಿ ಓದಿ. ವರ್ಷಕ್ಕೊಮ್ಮೆಯಾದರೂ ಸರ್ವೀಸ್ ಆಗಿರಬೇಕು, ಪ್ರತಿ ಸಲದ ಕಿಲೋಮೀಟರ್ ಏರುತ್ತಾ ಬಂದಿರಬೇಕು. ಎರಡು ವರ್ಷ ಬಿಲ್ಲೇ ಇಲ್ಲ, ಆಮೇಲೆ ಹಠಾತ್ತನೆ ಹೊಸ ಕಾರ್ಪೆಟ್, ಹೊಸ ಸ್ಪೀಕರ್, ಹೊಸ ವೈರಿಂಗ್ ಅಂತ ಬಿಲ್ ಕಂಡರೆ ಅಲ್ಲಿಗೇ ನಿಲ್ಲಿಸಿ. ಇನ್ಶೂರೆನ್ಸ್ ಕ್ಲೇಮಿನ ವಿವರವನ್ನು ಮಾರುವವರಿಂದಲೇ ತರಿಸಿ. ಬಂಪರ್ ಗೀಚಿದ್ದಕ್ಕೆ ಕ್ಲೇಮ್ ಆಗಿದ್ದರೆ ತಲೆ ಕೆಡಿಸಿಕೊಳ್ಳಬೇಡಿ. ಮಳೆಗಾಲದ ತಿಂಗಳಲ್ಲಿ ದೊಡ್ಡ ಮೊತ್ತದ ಕ್ಲೇಮ್ ಇದ್ದರೆ ಕೆಡಿಸಿಕೊಳ್ಳಿ.

ಹೊರ ರಾಜ್ಯದ ಗಾಡಿ ಅಗ್ಗ ಅಂತ ದೆಹಲಿ, ಹರಿಯಾಣದಿಂದ ತರುವವರು ಬಹಳ. ಕರ್ನಾಟಕದಲ್ಲಿ 20 ಲಕ್ಷ ಮೀರಿದ ಹೊಸ ಕಾರಿಗೆ ಆಜೀವ ತೆರಿಗೆ ಶೇ 18, ಅದರ ಮೇಲೆ ಸೆಸ್. ಹಳೆಯ ಗಾಡಿಗೆ ವಯಸ್ಸಿಗೆ ತಕ್ಕ ಹಾಗೆ ಇಳಿಯುತ್ತದೆ ನಿಜ, ಆದರೆ ಲೆಕ್ಕ ಹಾಕುವುದು ಗಾಡಿಯ ಮೂಲ ಬೆಲೆಯ ಮೇಲೆ. ನೀವು ಚೌಕಾಸಿ ಮಾಡಿ ಇಳಿಸಿದ ಬೆಲೆ ಅಲ್ಲಿ ಲೆಕ್ಕಕ್ಕಿಲ್ಲ. ಅರವತ್ತು ಲಕ್ಷದ ಹತ್ತಿರದ ಗಾಡಿಗೆ ಅದು ಹಲವು ಲಕ್ಷ ಆಗುತ್ತದೆ. ಮೊದಲು ಆರ್‌ಟಿಓದಲ್ಲಿ ತೆರಿಗೆ ಎಷ್ಟೆಂದು ಕೇಳಿ, ಗಾಡಿಯ ಮೂಲ ಆರ್‌ಟಿಓದಿಂದ ಫಾರಂ 28ರ ಎನ್‌ಒಸಿ ಸಿಗುವುದೇ ನೋಡಿ, ಆಮೇಲೆ ಅಗ್ಗವೋ ಅಲ್ಲವೋ ತೀರ್ಮಾನಿಸಿ.

ನೀರು ಕುಡಿದ ಗಾಡಿಯನ್ನು ಹಿಡಿಯುವುದು

ಇದಕ್ಕೆ ಹೆಚ್ಚು ಸಮಯ ಕೊಡಿ. 2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರು, ಯಮಲೂರು, ಸರ್ಜಾಪುರ ರಸ್ತೆ ಕಡೆ ನೀರು ನುಗ್ಗಿದಾಗ ಬೇಸ್‌ಮೆಂಟ್‌ಗಳಲ್ಲಿ, ವಿಲ್ಲಾಗಳ ಮುಂದೆ ದುಬಾರಿ ಗಾಡಿಗಳು ಮುಳುಗಿದ್ದನ್ನು ಟಿವಿಯಲ್ಲಿ ಎಲ್ಲರೂ ನೋಡಿದ್ದೇವೆ. 2023ರ ಡಿಸೆಂಬರಿನಲ್ಲಿ ಚೆನ್ನೈಯಲ್ಲಿ ಮಿಚಾಂಗ್ ಚಂಡಮಾರುತದ ಮಳೆಗೂ ಹಾಗೇ ಆಯಿತು. ನೀರಿಗೆ ಸಿಕ್ಕ ಗಾಡಿಗಳಲ್ಲಿ ಗುಜರಿಗೆ ಹೋಗದವು ತೊಳೆಸಿಕೊಂಡು, ಪಾಲಿಶ್ ಹಾಕಿಸಿಕೊಂಡು, ಬೇರೆ ಊರಿನ ಮಾರುಕಟ್ಟೆಗೆ ಬರುತ್ತವೆ. ದುಬೈ, ಶಾರ್ಜಾದಲ್ಲಿರುವ ನಮ್ಮವರು ಸೆಕೆಂಡ್ ಹ್ಯಾಂಡ್ ಇಎಸ್ ನೋಡುತ್ತಿದ್ದರೆ 2024ರ ಏಪ್ರಿಲ್ 16ರ ಮಳೆಯನ್ನು ಮನಸ್ಸಿನಲ್ಲಿಟ್ಟುಕೊಳ್ಳಿ.

ಈ ಗಾಡಿಯಲ್ಲಿ ಹೈಬ್ರಿಡ್ ಬ್ಯಾಟರಿ ಇರುವುದು ಹಿಂದಿನ ಸೀಟಿನ ಅಡಿಯಲ್ಲಿ. ಅಂದರೆ ನೀರು ಬಾಗಿಲ ಹೊಸ್ತಿಲು ದಾಟಿ ಒಳಗೆ ಬಂತೆಂದರೆ ಮೊದಲು ಮುಟ್ಟುವ ಜಾಗಗಳಲ್ಲಿ ಅದೂ ಒಂದು. ಸಾಮಾನ್ಯ ಪೆಟ್ರೋಲ್ ಗಾಡಿಯಲ್ಲಿ ಆ ಮಟ್ಟದ ನೀರಿಗೆ ಕಾರ್ಪೆಟ್ ಒಣಗಿಸಿ, ಒಂದೆರಡು ವೈರ್ ಬದಲಿಸಿ ಸಾಗಹಾಕಬಹುದು. ಇಲ್ಲಿ ಸೆಲ್‌ಗಳ ನಡುವಿನ ತಾಮ್ರದ ಪಟ್ಟಿಗಳು, ವೋಲ್ಟೇಜ್ ಅಳೆಯುವ ಸಣ್ಣ ತಂತಿಗಳು ಒಳಗೊಳಗೇ ಹಸಿರುಗಟ್ಟುತ್ತವೆ. ಕೆಲವು ತಿಂಗಳು ಚೆನ್ನಾಗಿ ಓಡಿ, ಒಂದು ದಿನ ನಡುರಸ್ತೆಯಲ್ಲಿ ಹೈಬ್ರಿಡ್ ಸಿಸ್ಟಮ್ಮಿನ ಎಚ್ಚರಿಕೆ ಹಾಕಿಕೊಂಡು ನಿಲ್ಲುತ್ತದೆ.

ಹೋಗುವಾಗ ಒಳ್ಳೆಯ ಟಾರ್ಚ್ ಇರಲಿ, ಹಗಲು ಬೆಳಕಿನಲ್ಲೇ ಹೋಗಿ. ಎಲ್ಲ ಬಾಗಿಲೂ ತೆರೆದು, ಮೊದಲು ಸುಮ್ಮನೆ ಒಳಗೆ ಕೂತು ವಾಸನೆ ನೋಡಿ. ಮುಗ್ಗಲು ವಾಸನೆ ಇದ್ದರೂ ಅನುಮಾನ, ಎಸಿ ಪರ್ಫ್ಯೂಮ್ ಮೂಗಿಗೆ ಅಡರುವಷ್ಟಿದ್ದರೂ ಅನುಮಾನ. ಐದೂ ಸೀಟ್ ಬೆಲ್ಟುಗಳನ್ನು ಕೊನೆಯ ತನಕ ಎಳೆಯಿರಿ. ಯಾರೂ ಪೂರ್ತಿ ಎಳೆಯದ ಆ ಕೊನೆಯ ಒಂದು ಮೊಳದಲ್ಲಿ ಮಣ್ಣಿನ ಬಣ್ಣದ ಗೆರೆ ಉಳಿದಿರುತ್ತದೆ. ತೊಳೆದರೂ ನೇಯ್ಗೆಯೊಳಗೆ ಕಲೆ ನಿಲ್ಲುತ್ತದೆ. ಬೆಲ್ಟಿನ ಬುಡದ ಚೀಟಿಯಲ್ಲಿ ತಯಾರಾದ ತಾರೀಖು ಇರುತ್ತದೆ. ಅದು ಗಾಡಿಯ ತಾರೀಖಿಗಿಂತ ಬಹಳ ಈಚಿನದಾದರೆ ಬೆಲ್ಟು ಯಾಕೆ ಬದಲಾಯಿತು ಅಂತ ಕೇಳಿ.

ಮುಂದಿನ ಸೀಟುಗಳನ್ನು ಹಿಂದಕ್ಕೂ ಮುಂದಕ್ಕೂ ಸರಿಸಿ ಕೆಳಗಿನ ರೈಲು, ಬೋಲ್ಟು ನೋಡಿ. ಅಲ್ಲಿ ತುಕ್ಕು ಹಿಡಿಯಲು ಬೇರೆ ಕಾರಣವೇ ಇಲ್ಲ. ಆಮೇಲೆ ಹಿಂದಿನ ಸೀಟಿನ ಹತ್ತಿರ ಬಗ್ಗಿ. ಸೀಟಿನ ಕೆಳಭಾಗದಲ್ಲಿ ಬ್ಯಾಟರಿ ತಣ್ಣಗಾಗಲು ಗಾಳಿ ಎಳೆಯುವ ಜಾಲರಿ ಇದೆ. ಟಾರ್ಚ್ ಹಿಡಿದು ಅದರ ಸಂದುಗಳನ್ನು ನೋಡಿ. ಧೂಳು, ಕೂದಲು, ಮಕ್ಕಳು ಚೆಲ್ಲಿದ ಚಿಪ್ಸ್ ಪುಡಿ ಇದ್ದರೆ ಕೊಳೆ, ಅಷ್ಟೇ. ತೆಗೆದು ತೊಳೆದರೆ ಆಯಿತು. ಮೂಲೆಗಳಲ್ಲಿ ಒಣಗಿ ಸಿಡಿದ ಕೆಸರಿನ ತೆಳು ಪದರ ಅಂಟಿಕೊಂಡಿದ್ದರೆ ಅದು ನೆರೆ ನೀರು ಬಿಟ್ಟು ಹೋದ ಮೆಕ್ಕಲು. ಟಾರ್ಚ್ ಆರಿಸಿ, ನಮಸ್ಕಾರ ಹೇಳಿ ಹೊರಡಿ.

ಡಿಕ್ಕಿಯಲ್ಲಿ ಸ್ಟೆಪ್ನಿ ಎತ್ತಿಸಿ ಅದರ ಗುಂಡಿಯನ್ನೂ ನೋಡಿ. 12 ವೋಲ್ಟ್ ಬ್ಯಾಟರಿಯೂ ಡಿಕ್ಕಿಯಲ್ಲೇ ಇದೆ, ಅದರ ಮೇಲಿನ ತಾರೀಖನ್ನು ಬರೆದುಕೊಳ್ಳಿ. ಕಿತ್ತಳೆ ಬಣ್ಣದ ದಪ್ಪ ಕೇಬಲ್ ಎಲ್ಲಿ ಕಂಡರೂ ಕೈ ಹಾಕಬೇಡಿ. ಅವು ಹೈ ವೋಲ್ಟೇಜ್ ತಂತಿಗಳು, ತರಬೇತಿ ಇದ್ದವರಿಗೆ ಮಾತ್ರ.

ಬಾಡಿ, ಟೈರ್, ಕೆಳಭಾಗ

ಪೇಂಟ್ ದಪ್ಪ ಅಳೆಯುವ ಮೀಟರ್ ಇರುವವರನ್ನು ಕರೆದುಕೊಂಡು ಹೋಗಿ. ಕಾರ್ಖಾನೆಯ ಪೇಂಟ್ ಸುಮಾರು 100ರಿಂದ 150 ಮೈಕ್ರಾನ್ ಒಳಗಿರುತ್ತದೆ. ಒಂದು ಬಾಗಿಲಿನಲ್ಲಿ ಅದರ ಎರಡರಷ್ಟು ಬಂದರೆ ಮತ್ತೆ ಪೇಂಟ್ ಆಗಿದೆ, ಇನ್ನೂ ಬಹಳ ಜಾಸ್ತಿ ಬಂದರೆ ಪುಟ್ಟಿ ತುಂಬಿ ಟಿಂಕರಿಂಗ್ ಮಾಡಿದ್ದಾರೆ. ಬಾಗಿಲಿಗೆ ಪರವಾಗಿಲ್ಲ, ಛಾವಣಿಯ ಕಂಬಗಳಲ್ಲಿ ಹಾಗೆ ಬಂದರೆ ಬೇಡ.

ಸುಮಾರು ಐದು ಮೀಟರ್ ಉದ್ದದ, ತಗ್ಗಿನ ಗಾಡಿ ಇದು. ನಮ್ಮ ಬಡಾವಣೆಗಳ ಹಂಪ್‌ಗಳು ಇದರ ಹೊಟ್ಟೆಯನ್ನು ಬಿಡುವುದಿಲ್ಲ. ಲಿಫ್ಟಿನಲ್ಲಿ ಎತ್ತಿಸಿ ಅಡಿಯ ಪ್ಲಾಸ್ಟಿಕ್ ಹೊದಿಕೆ, ಎಕ್ಸಾಸ್ಟ್ ಪೈಪು, ಆಯಿಲ್ ಪ್ಯಾನ್ ನೋಡಿ. ಹೊದಿಕೆ ಗೀಚಿದ್ದರೆ ಸಹಜ. ಟೈರು ಕಡಿಮೆ ದಪ್ಪದವು, ಗುಂಡಿಗೆ ಬಿದ್ದರೆ ಒಳಬದಿಯ ಗೋಡೆ ಉಬ್ಬುತ್ತದೆ, ಕೈಯಾಡಿಸಿ ನೋಡಿ. ಟೈರಿನ ಪಕ್ಕದ ನಾಲ್ಕಂಕಿಯಲ್ಲಿ ಮೊದಲೆರಡು ವಾರ, ಕೊನೆಯೆರಡು ವರ್ಷ. ಐದಾರು ವರ್ಷ ದಾಟಿದ್ದರೆ ನಾಲ್ಕೂ ಹೊಸದರ ಬೆಲೆಯನ್ನು ಚೌಕಾಸಿಗೆ ಸೇರಿಸಿ.

ಟೆಸ್ಟ್ ಡ್ರೈವ್: ತಣ್ಣಗಿರುವಾಗಲೇ ಶುರು

ನಾನು ಬರುವ ತನಕ ಸ್ಟಾರ್ಟ್ ಮಾಡಬೇಡಿ ಅಂತ ಮೊದಲೇ ಹೇಳಿ. ಹೋದ ತಕ್ಷಣ ಬಾನೆಟ್ ಮೇಲೆ ಕೈಯಿಡಿ. ಬೆಚ್ಚಗಿದ್ದರೆ ಇನ್ನೊಂದು ದಿನ ಬರುತ್ತೇನೆ ಎನ್ನಿ.

ಬಾಗಿಲು ತೆರೆದಾಗ ಮುಂದಿನಿಂದ ಒಂದೆರಡು ಕ್ಷಣ ಸುಂಯ್ ಅಂತ ಸದ್ದು ಬಂದರೆ ಗಾಬರಿ ಬೇಡ, ಅದು ಬ್ರೇಕಿನ ಪಂಪು ಒತ್ತಡ ತುಂಬಿಕೊಳ್ಳುವ ಸದ್ದು. ಬ್ರೇಕ್ ಮುಟ್ಟದೆ ಸುಮ್ಮನೆ ಕೂತಾಗಲೂ ಅದು ಮತ್ತೆ ಮತ್ತೆ, ಕೆಲವೇ ಸೆಕೆಂಡಿಗೊಮ್ಮೆ ಕೂಗುತ್ತಿದ್ದರೆ ಮಾತ್ರ ತಪಾಸಣೆ ಬೇಕು. ಆ ಭಾಗ ದುಬಾರಿ.

ಬಟನ್ ಒತ್ತಿದರೆ ಎಂಜಿನ್ ಸದ್ದಿಲ್ಲದೆ 'ರೆಡಿ' ದೀಪ ಬರುತ್ತದೆ. ಈ ಗಾಡಿಗೆ ಸೆಲ್ಫ್ ಮೋಟಾರೂ ಇಲ್ಲ, ಆಲ್ಟರ್ನೇಟರೂ ಇಲ್ಲ. ಎರಡರ ಕೆಲಸವನ್ನೂ ಗೇರ್‌ಬಾಕ್ಸಿನೊಳಗಿನ ಮೋಟಾರು ಮಾಡುತ್ತದೆ. ಎಸಿ ಕಂಪ್ರೆಸರ್, ವಾಟರ್ ಪಂಪ್ ಕೂಡ ಕರೆಂಟಿನಲ್ಲೇ. ಹಾಗಾಗಿ ಫ್ಯಾನ್ ಬೆಲ್ಟೇ ಇಲ್ಲ. ಸ್ವಲ್ಪ ಹೊತ್ತಿಗೆ ಎಂಜಿನ್ ತಾನಾಗಿ ಶುರುವಾಗುತ್ತದೆ. ಆಗ ಗಾಡಿ ಗಡಗಡ ಅಲುಗಿ ಕೆಲವು ಸೆಕೆಂಡಿನ ನಂತರ ಸರಿಹೋದರೆ ಅದು ಸಹಜವಲ್ಲ, ಕಾರಣ ತಿಳಿಯದೆ ಮುಂದುವರಿಯಬೇಡಿ.

ರಸ್ತೆಗೆ ಇಳಿದ ಮೇಲೆ ಡ್ಯಾಶ್‌ಬೋರ್ಡಿನಲ್ಲಿ ಬ್ಯಾಟರಿಯ ಚಾರ್ಜ್ ತೋರಿಸುವ ಗೆರೆಗಳನ್ನು ಗಮನಿಸಿ. ಒಳ್ಳೆಯ ಬ್ಯಾಟರಿಯಲ್ಲಿ ಅವು ನಿಧಾನ ಏರಿಳಿಯುತ್ತವೆ. ಸಣ್ಣ ಏರಿನಲ್ಲಿ ಸರ್ರನೆ ತಳಕ್ಕಿಳಿದು, ಎರಡೇ ನಿಮಿಷದಲ್ಲಿ ತುಂಬಿದ ಹಾಗೆ ತೋರಿಸಿದರೆ ಸೆಲ್‌ಗಳು ಸೋತಿವೆ. ಹಿಂದಿನ ಸೀಟಿನಿಂದ ಫ್ಯಾನಿನ ಸದ್ದು ಜೋರಾಗಿ, ಬಿಡದೆ ಬರುತ್ತಿದ್ದರೆ ಜಾಲರಿ ಕಟ್ಟಿಕೊಂಡಿದೆ ಅಥವಾ ಬ್ಯಾಟರಿ ಬಿಸಿಯಾಗುತ್ತಿದೆ. ಒಂದೇ ಹಂಪನ್ನು ನಿಧಾನಕ್ಕೆ ನಾಲ್ಕೈದು ಸಲ ದಾಟಿ. ಈ ಗಾಡಿಯಲ್ಲಿ ಟಕ್ ಎಂಬ ಸದ್ದೇ ಬರಬಾರದು.

ಇನ್ನು ಅಂಕಿಯ ಪರೀಕ್ಷೆ. ಸರ್ವೀಸ್ ಸೆಂಟರಿನಲ್ಲಿ ಹೈಬ್ರಿಡ್ ಹೆಲ್ತ್ ಚೆಕ್ ಮಾಡಿಸಿ, ವರದಿಯನ್ನು ಕಾಗದದಲ್ಲಿ ಕೇಳಿ. ಹೊರಗಿನ ಮೆಕ್ಯಾನಿಕ್ ಆದರೂ ಒಬಿಡಿ ಸ್ಕ್ಯಾನರ್ (ಗಾಡಿಯ ಕಂಪ್ಯೂಟರನ್ನು ಓದುವ ಉಪಕರಣ) ಹಾಕಿ ಬ್ಯಾಟರಿಯ ಬ್ಲಾಕುಗಳ, ಅಂದರೆ ಸೆಲ್ ಗುಂಪುಗಳ ವೋಲ್ಟೇಜ್ ಓದಬಲ್ಲವರಾಗಿರಲಿ. ನಿಕಲ್ ಮೆಟಲ್ ಹೈಡ್ರೈಡ್ ಬ್ಯಾಟರಿ ಇರುವ ಗಾಡಿಯಲ್ಲಿ 204 ಸೆಲ್‌ಗಳು, ಒಟ್ಟು 244.8 ವೋಲ್ಟ್. ಜೋರಾಗಿ ಆಕ್ಸಿಲರೇಟರ್ ಒತ್ತಿದಾಗ ಎಲ್ಲ ಬ್ಲಾಕುಗಳೂ ಒಟ್ಟಿಗೆ ಇಳಿಯಬೇಕು. ಒಂದು ಬ್ಲಾಕು ಮಾತ್ರ ಉಳಿದವುಗಳಿಗಿಂತ ಒಂದು ವೋಲ್ಟ್‌ನಷ್ಟು ಕೆಳಗೆ ಬೀಳುತ್ತಿದ್ದರೆ ಅಲ್ಲಿ ದೋಷವಿದೆ. ಹೊಸ ಬ್ಯಾಟರಿಗೆ ಎಷ್ಟಾಗುತ್ತದೆ ಅಂತ ಅಲ್ಲೇ ಲಿಖಿತ ಕೊಟೇಶನ್ ಪಡೆಯಿರಿ, ವಾರಂಟಿ ಇನ್ನೂ ಉಳಿದಿದೆಯೇ ಎಂದು ಚಾಸಿ ನಂಬರ್ ಕೊಟ್ಟು ವಿಚಾರಿಸಿ. ರೀಕಾಲ್ (ದೋಷ ಕಂಡು ಕಂಪನಿಯೇ ವಾಪಸ್ ಕರೆಸಿ ಮಾಡುವ ರಿಪೇರಿ) ಕೆಲಸ ಬಾಕಿ ಇದೆಯೇ ಎಂಬುದನ್ನೂ ಅದೇ ನಂಬರಿನಲ್ಲಿ ನೋಡುತ್ತಾರೆ.

ಹೆಸರು ಬದಲಾವಣೆ

ಫಾರಂ 29 ಮತ್ತು 30ಕ್ಕೆ ಇಬ್ಬರ ಸಹಿ, ಚಾಲ್ತಿಯಲ್ಲಿರುವ ಇನ್ಶೂರೆನ್ಸ್, ಹೊಗೆ ತಪಾಸಣೆ ಪತ್ರ. ಆರ್‌ಸಿ ಹೆಸರು ಬದಲಾಯಿಸಲು ಕೊಂಡವರಿಗೆ 30 ದಿನ, ಇನ್ಶೂರೆನ್ಸನ್ನು ನಿಮ್ಮ ಹೆಸರಿಗೆ ಮಾಡಿಸಲು 14 ದಿನ ಕಾಲಾವಕಾಶ. ಎರಡನೆಯದನ್ನು ಅನೇಕರು ಮರೆಯುತ್ತಾರೆ. ಹಳೆಯ ಓನರ್‌ನ ನೋ ಕ್ಲೇಮ್ ಬೋನಸ್ ನಿಮಗೆ ಬರುವುದಿಲ್ಲ, ಆ ವ್ಯತ್ಯಾಸದ ಹಣ ಕಟ್ಟಬೇಕಾಗುತ್ತದೆ.

ಮನೆಗೆ ತಂದ ಮೇಲೆ

ಮೊದಲ ವಾರದಲ್ಲೇ ಬ್ಯಾಟರಿ ಫ್ಯಾನಿನ ಜಾಲರಿ ತೊಳೆಸಿ, ಬ್ರೇಕ್ ಫ್ಲೂಯಿಡ್ ಬದಲಿಸಿ, ಎಂಜಿನ್ ಮತ್ತು ಇನ್ವರ್ಟರ್ (ಬ್ಯಾಟರಿಯ ಕರೆಂಟನ್ನು ಮೋಟಾರಿಗೆ ಹೊಂದಿಸಿ ಕೊಡುವ ಭಾಗ) ಎರಡರ ಕೂಲಂಟ್ ಮಟ್ಟವನ್ನೂ ನೋಡಿಸಿ. ಅವು ಬೇರೆ ಬೇರೆ ಡಬ್ಬಿಗಳು, ಒಂದನ್ನು ನೋಡಿ ಇನ್ನೊಂದನ್ನು ಬಿಡುವುದುಂಟು.

ಸಿಗ್ನಲಿನಲ್ಲಿ ನ್ಯೂಟ್ರಲ್ ಹಾಕುವ ಅಭ್ಯಾಸ ಬಿಡಿ. ಎನ್‌ನಲ್ಲಿ ಇರುವಾಗ ಹೈಬ್ರಿಡ್ ಬ್ಯಾಟರಿ ಚಾರ್ಜ್ ಆಗುವುದಿಲ್ಲ, ಎಸಿ ಮಾತ್ರ ಅದನ್ನು ಖಾಲಿ ಮಾಡುತ್ತಲೇ ಇರುತ್ತದೆ. ಡಿ ಯಲ್ಲೇ ಬ್ರೇಕ್ ಒತ್ತಿ ನಿಲ್ಲಿ. ಸಿಲ್ಕ್ ಬೋರ್ಡ್ ಕಡೆಯ ನಿಂತು ಹೊರಡುವ ಟ್ರಾಫಿಕ್ಕಿಗೆ ಹೇಳಿ ಮಾಡಿಸಿದ ಗಾಡಿ ಇದು. ಪ್ರತಿ ಸಲ ಬ್ರೇಕ್ ಹಿಡಿದಾಗಲೂ ಸ್ವಲ್ಪ ಶಕ್ತಿ ಬ್ಯಾಟರಿಗೆ ವಾಪಸಾಗುತ್ತದೆ. ಗಾಡಿಗಳನ್ನು ಪರೀಕ್ಷಿಸುವ ಸಂಸ್ಥೆ ಎಆರ್‌ಎಐ ಲೆಕ್ಕದ ಲೀಟರಿಗೆ 22.37 ಕಿಲೋಮೀಟರ್ ಮೈಲೇಜ್ ಊರೊಳಗೆ ಸಿಗದು, ಆದರೆ ಇಷ್ಟೇ ದೊಡ್ಡ ಪೆಟ್ರೋಲ್ ಸೆಡಾನಿಗಿಂತ ಬಹಳ ಮೇಲೆಯೇ ನಿಲ್ಲುತ್ತದೆ. ಬ್ರೇಕ್ ಪೆಡಲನ್ನು ದೂರದಿಂದಲೇ ಮೆಲ್ಲಗೆ ಒತ್ತುವುದನ್ನು ರೂಢಿಸಿಕೊಂಡರೆ ಇನ್ನಷ್ಟು.

ಎಸಿ ಕೆಲಸಕ್ಕೆ ಸಿಕ್ಕ ಸಿಕ್ಕ ಅಂಗಡಿಗೆ ಕೊಡಬೇಡಿ. ಕಂಪ್ರೆಸರ್ ಹೈ ವೋಲ್ಟೇಜಿನಲ್ಲಿ ಓಡುವುದರಿಂದ ಅದಕ್ಕೆ ಕರೆಂಟು ಹರಿಯಗೊಡದ ಎನ್‌ಡಿ-11 ಎಂಬ ಬೇರೆಯೇ ಆಯಿಲ್ ಬೇಕು. ಸಾಮಾನ್ಯ ಗಾಡಿಗಳಿಗೆ ಬಳಸುವ ಪಿಎಜಿ ಆಯಿಲ್ ಗ್ಯಾಸಿನ ಜೊತೆ ಸ್ವಲ್ಪ ಸೇರಿದರೂ ಇನ್ಸುಲೇಶನ್ ಕೆಟ್ಟು, ಗಾಡಿಯೇ ರೆಡಿ ಆಗದೆ ನಿಲ್ಲಬಹುದು. ಗ್ಯಾಸ್ ತುಂಬುವ ಮೆಷಿನ್ ಯಾವ ಆಯಿಲ್ ಬಳಸುತ್ತದೆ ಅಂತ ಬಾಯಿಬಿಟ್ಟು ಕೇಳಿ.

ವಾರಗಟ್ಟಲೆ ಊರಲ್ಲಿ ಇರುವುದಿಲ್ಲ ಎಂದಾದರೆ ಮನೆಯವರಿಗೋ ಡ್ರೈವರ್‌ಗೋ ಆಗಾಗ ಅರ್ಧ ಗಂಟೆ ರೆಡಿಯಲ್ಲಿ ಇಡಲು ಹೇಳಿ ಹೋಗಿ. ಬರೀ ಬಟನ್ ಒತ್ತಿ ಹಾಡು ಹಾಕಿದರೆ ಸಾಲದು, ರೆಡಿ ದೀಪ ಬರಬೇಕು. ಇಷ್ಟಾಗಿಯೂ 12 ವೋಲ್ಟ್ ಬ್ಯಾಟರಿ ಸತ್ತರೆ ರಿಮೋಟ್ ಕೆಲಸ ಮಾಡುವುದಿಲ್ಲ, ಬ್ಯಾಟರಿ ಇರುವ ಡಿಕ್ಕಿಯ ಬಟನ್ನೂ ಕೆಲಸ ಮಾಡುವುದಿಲ್ಲ. ರಿಮೋಟಿನೊಳಗೆ ಅಡಗಿರುವ ಲೋಹದ ಕೀ ಎಳೆದು ಡ್ರೈವರ್ ಬಾಗಿಲು ತೆರೆಯಿರಿ, ಬಾನೆಟ್ ಎತ್ತಿ. ಫ್ಯೂಸ್ ಬಾಕ್ಸಿನಲ್ಲಿ ಜಂಪ್ ಮಾಡಲೆಂದೇ ಒಂದು ಪ್ಲಸ್ ಟರ್ಮಿನಲ್ ಕೊಟ್ಟಿದ್ದಾರೆ. ಪ್ಲಸ್ ಕೇಬಲ್ ಅಲ್ಲಿಗೆ, ಮೈನಸ್ ಕೇಬಲ್ ಪೇಂಟ್ ಇಲ್ಲದ ಗಟ್ಟಿ ಲೋಹಕ್ಕೆ. ಆ ಟರ್ಮಿನಲ್ ಎಲ್ಲಿದೆ ಅಂತ ಗಾಡಿ ತಂದ ದಿನವೇ ಮ್ಯಾನುವಲ್ ತೆರೆದು, ಮನೆಯಲ್ಲಿ ಓಡಿಸುವ ಎಲ್ಲರಿಗೂ ತೋರಿಸಿಡಿ.